ಮೌಸ್ ಬದಲಿಸುವ ಮೊದಲು ನೋವು ಯಾವ ಬೆರಳಿನದು ಎಂದು ನೋಡಿ

ಮಂಗಳೂರಿನ ಹಂಪನಕಟ್ಟೆಯ ಡಿಟಿಪಿ ಅಂಗಡಿಗಳಲ್ಲಿ ದಿನವಿಡೀ ಮೌಸ್ ಹಿಡಿಯುವವರು ಕೈನೋವು ಶುರುವಾದ ಕೂಡಲೇ ಕೇಳುವುದು ‘ಯಾವ ಮೌಸ್ ತಗೊಳ್ಳಲಿ’ ಎಂದು. ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸದೆ ಅದಕ್ಕೆ ಉತ್ತರವಿಲ್ಲ.

ಹೆಬ್ಬೆರಳ ಬುಡದಲ್ಲಿ ನೋವಿದ್ದರೆ ಲಾಜಿಟೆಕ್ ಎಂ575ರಂಥ ಟ್ರ್ಯಾಕ್‌ಬಾಲ್ (ಚೆಂಡು ಉರುಳಿಸಿ ಕರ್ಸರ್ ಆಡಿಸುವ ಸಾಧನ) ಬೇಡವೇ ಬೇಡ. ಅದರ ಚೆಂಡನ್ನು ಉರುಳಿಸುವುದು ಅದೇ ಹೆಬ್ಬೆರಳು. ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್ ಎಂಬ ಟ್ರ್ಯಾಕ್‌ಬಾಲ್‌ನ 55 ಮಿ.ಮೀ. ಚೆಂಡು ಎರಡು ಮೂರು ಬೆರಳುಗಳಿಗೆ ಕೆಲಸ ಹಂಚುತ್ತದೆ, ಎಡಗೈಗೂ ಆಗುತ್ತದೆ. ಮುಂಗೈ ತಿರುಚಿದಂತೆ ನೋಯುವವರಿಗೆ, ಕೈಕುಲುಕುವಂತೆ ಹಿಡಿಯುವ ವರ್ಟಿಕಲ್ ಮೌಸ್ ಒಳ್ಳೆಯದು. ಆದರೆ ಕರ್ಸರ್ ವೇಗ ಹೆಚ್ಚಿಸದಿದ್ದರೆ ಇಡೀ ತೋಳು ಆಡಿಸಬೇಕಾಗಿ ನೋವು ಭುಜಕ್ಕೆ ಏರುತ್ತದೆ. ರಾತ್ರಿ ಬೆರಳು ಜುಮುಗುಟ್ಟಿದರೆ, ಕೈಯಿಂದ ಲೋಟ ಜಾರತೊಡಗಿದರೆ, ಮೊದಲು ವೈದ್ಯರಲ್ಲಿಗೆ ಹೋಗಿ.

ಪುಟ ಕಟ್ಟುವಾಗ ಟ್ರ್ಯಾಕ್‌ಬಾಲ್ ಸೋಲುವುದು ಡ್ರ್ಯಾಗ್ ಮಾಡುವಲ್ಲಿ, ಒಂದು ಬೆರಳು ಬಟನ್ ಒತ್ತಿಯೇ ಇರಬೇಕಲ್ಲ. ವಿಂಡೋಸ್‌ನ ಮೌಸ್ ಪ್ರಾಪರ್ಟೀಸ್‌ನಲ್ಲಿ ಕ್ಲಿಕ್‌ಲಾಕ್ ಆನ್ ಮಾಡಿ: ಬಟನನ್ನು ಕ್ಷಣಕಾಲ ಒತ್ತಿ ಬಿಟ್ಟರೆ ಹಿಡಿತ ಉಳಿಯುತ್ತದೆ, ಮತ್ತೊಂದು ಕ್ಲಿಕ್‌ಗೆ ಬಿಡುತ್ತದೆ. ಕೂದಲೆಳೆಯ ಹೊಂದಾಣಿಕೆಗೆ ಬಾಣದ ಕೀಲಿಗಳೇ ಸಾಕು. ಹಳೆಯ ಮೌಸನ್ನೂ ತೆಗೆಯಬೇಡಿ. ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ. ಮೊದಲ ವಾರ ಬೆಳಗ್ಗೆ ಎರಡು ಗಂಟೆ ಹೊತ್ತು ಮಾತ್ರ ಹೊಸದು.

ಕಿರುಬೆರಳ ನೋವಿಗೆ ಮಾತ್ರ ಮೌಸ್ ಬದಲಿಸಿ ಫಲವಿಲ್ಲ. ಇಲ್ಲಿಯ ಕಿನ್ನಿಕಂಬಳದವರೇ ಆದ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿವಿನ್ಯಾಸ ನಮಗೆಲ್ಲ ಅನ್ನ ಕೊಟ್ಟಿದೆ, ಕಲಿಯಲು ಅಷ್ಟು ಸುಲಭವಾದದ್ದು ಬೇರೆ ಇಲ್ಲ. ಅದರಲ್ಲಿ ಮಹಾಪ್ರಾಣಕ್ಕೆ, ದೀರ್ಘಕ್ಕೆ, ‘ಣ’ ‘ಳ’ಗಳಿಗೆಲ್ಲ ಶಿಫ್ಟ್ ಬೇಕು, ಅದನ್ನು ಒತ್ತುವುದು ಕಿರುಬೆರಳೇ. ಅಡಿಕೆ ಧಾರಣೆಯ ‘ಧಾರಣೆ’ಯನ್ನೇ ತೆಗೆದುಕೊಳ್ಳಿ: ಐದು ಕೀಲಿ, ಮೂರು ಶಿಫ್ಟ್. ಶಿಫ್ಟನ್ನು ಐದು ಬಾರಿ ಒತ್ತಿದರೆ ಸ್ಟಿಕಿ ಕೀಸ್ ಆನ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ, ಒಪ್ಪಿಕೊಳ್ಳಿ. ಆಮೇಲೆ ಶಿಫ್ಟ್ ಒತ್ತಿ ಬಿಟ್ಟು, ನಂತರ ಅಕ್ಷರ ಒತ್ತಿದರಾಯಿತು. ಹಳೆಯ ಅಭ್ಯಾಸಕ್ಕೆ ಎರಡನ್ನೂ ಒಟ್ಟಿಗೆ ಒತ್ತಿದಿರೋ, ಅದು ತಾನಾಗಿ ಆಫ್ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಎರಡು ಕೀಲಿ ಒಟ್ಟಿಗೆ ಒತ್ತಿದರೆ ಆಫ್’ ಎಂಬ ಆಯ್ಕೆಯ ಗುರುತನ್ನು ಮೊದಲೇ ತೆಗೆದುಬಿಡಿ.

ಉದ್ದ ಲೇಖನವಾದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ ಕನ್ನಡದಲ್ಲೇ ಹೇಳಿ ಬರೆಸಬಹುದು. ಫ್ಯಾನಿನ ಸದ್ದಿಗೆ ತಪ್ಪು ಜಾಸ್ತಿ, ಹಾಗಾಗಿ ಬಾಯಿಯ ಹತ್ತಿರ ಬರುವ ಹೆಡ್‌ಸೆಟ್ ಮೈಕ್ ಇರಲಿ. ಪೂರ್ಣವಿರಾಮ, ಅಲ್ಪವಿರಾಮ ಕೈಯಲ್ಲೇ ಹಾಕಬೇಕು. ಬರುವುದು ಯೂನಿಕೋಡ್ ಸಂಕೇತದಲ್ಲಿ, ಹಳೆಯ ನುಡಿ ಫಾಂಟಿನ ಸಂಕೇತವೇ ಬೇರೆ. ಪುಟ ಆ ಫಾಂಟಿನಲ್ಲಿದ್ದರೆ ಪರಿವರ್ತಿಸದೆ ಅಂಟಿಸಬೇಡಿ.

ಇನ್ನು ನಮ್ಮೂರಿನ ಸೆಕೆ. ಬೆವರು, ಧೂಳು ಸೇರಿ ಟ್ರ್ಯಾಕ್‌ಬಾಲ್ ಚೆಂಡಿನ ಕೆಳಗಿನ ಮೂರು ಪುಟ್ಟ ಬೇರಿಂಗ್‌ಗಳ ಸುತ್ತ ಗಸಿ ಕಟ್ಟುತ್ತದೆ. ಕರ್ಸರ್ ತಡವರಿಸಿದಾಗ ಜನ ಬೆರಳಿಗೆ ಇನ್ನಷ್ಟು ಬಲ ಕೊಡುತ್ತಾರೆ, ಹೋದ ನೋವು ಮರಳುವುದು ಅಲ್ಲೇ. ಎಂ575 ಆದರೆ ತಳದ ತೂತಿನಿಂದ ಪೆನ್ಸಿಲಿನಲ್ಲಿ ಚೆಂಡನ್ನು ಹೊರದಬ್ಬಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಬೇರಿಂಗ್ ಒರೆಸಿ. ಏಪ್ರಿಲ್‌, ಮೇ ತಿಂಗಳಲ್ಲಿ ಇದು ವಾರಕ್ಕೊಮ್ಮೆಯ ಕೆಲಸ.