ಇಸ್ಲಾಮಿಕ್ ಅರ್ಥಶಾಸ್ತ್ರದ ಜರ್ನಲ್‌ಗೆ ಪೇಪರ್: ಎಲ್ಲಿಂದ ಶುರು ಮಾಡ್ಲಿ ಅಂತ ಕೇಳುವವರಿಗೆ

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ತೊಗರಿ ಬೆಳೆಗಾರರು ತಗೊಳ್ಳುವ ಮುಂಗಡದ ಬಗ್ಗೆ ನಾನು ಬರೆದ ಲೇಖನ ಇಸ್ಲಾಮಿಕ್ ಅರ್ಥಶಾಸ್ತ್ರದ ಜರ್ನಲ್ ಒಂದರಲ್ಲಿ ಬಂದ ಮೇಲೆ, ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. "ಮೇಡಂ, ನಾನೂ ಒಂದು ಪೇಪರ್ ಕಳಿಸ್ಬೇಕು. ಎಲ್ಲಿಂದ ಶುರು ಮಾಡ್ಲಿ?" ಕೇಳುವವರು ಹೆಚ್ಚಾಗಿ ಪಿಎಚ್‌ಡಿ ಮಾಡುತ್ತಿರುವ ಹುಡುಗ ಹುಡುಗಿಯರು. ಬೀದರಿನವರು, ಯಾದಗಿರಿಯವರು, ಇಲ್ಲೇ ಕಲಬುರಗಿಯ ರೋಜಾ ಬಡಾವಣೆ ಕಡೆಯವರು. ಕೆಲವರಿಗೆ ಅರಬ್ಬಿ ಬರುತ್ತದೆ, ಜಾಸ್ತಿ ಜನಕ್ಕೆ ಬರುವುದಿಲ್ಲ. ಎಲ್ಲರಿಗೂ ನನ್ನ ಉತ್ತರ ಒಂದೇ. ರಿಬಾ (ಇಸ್ಲಾಂ ಬೇಡ ಅನ್ನುವ ಬಡ್ಡಿ) ಅಂದರೇನು ಅನ್ನುವುದರಿಂದ ಶುರು ಮಾಡಬೇಡಿ. ನಿಮ್ಮ ಊರಿನಲ್ಲಿ ಕಣ್ಣಿಗೆ ಕಾಣುವ ಒಂದು ವ್ಯವಹಾರದಿಂದ ಶುರು ಮಾಡಿ.

ಫೋನಿನಲ್ಲಿ ಇಷ್ಟು ಹೇಳಿದರೆ ಸಾಕಾಗಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಮೊದಲ ಪೇಪರ್ ಭಾರತದಲ್ಲಿ ಬಡ್ಡಿ ಇಲ್ಲದ ಬ್ಯಾಂಕಿಂಗ್‌ಗೆ ಇರುವ ಅವಕಾಶಗಳ ಬಗ್ಗೆ. ಮೊದಲ ಆರು ಪುಟ ರಿಬಾ, ಮುದಾರಬಾ (ಒಬ್ಬರ ಹಣ, ಇನ್ನೊಬ್ಬರ ದುಡಿಮೆ), ಮುಶಾರಕಾ (ಎಲ್ಲರೂ ಹಣ ಹಾಕುವ ಪಾಲುದಾರಿಕೆ) ಅಂದರೇನು ಅಂತ ವಿವರಿಸಿದ್ದೆ. ಎಂಟೇ ದಿನಕ್ಕೆ ವಾಪಸ್ ಬಂತು. ಪೇಪರ್ ಓದಿ ಅಭಿಪ್ರಾಯ ಹೇಳುವ ವಿಮರ್ಶಕರ ಕೈಗೂ ಹೋಗಿರಲಿಲ್ಲ. ಸಂಪಾದಕರು ಎರಡು ಸಾಲು ಬರೆದಿದ್ದರು. ನಮ್ಮ ಓದುಗರಿಗೆ ಈಗಾಗಲೇ ಗೊತ್ತಿಲ್ಲದ ಯಾವ ಮಾತು ಇದರಲ್ಲಿದೆ ಅನ್ನುವುದು ಅದರ ಸಾರ. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿ ಇಲ್ಲದ ಬ್ಯಾಂಕಿಂಗ್‌ಗೆ ದಾರಿ ಮಾಡಿಕೊಡಿ ಅಂದಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಅಂದಿತು. ಈ ವಿಷಯದ ಮೇಲೆ ಎಷ್ಟೋ ಜನ ಬರೆದಿದ್ದಾರೆ. ಅವರೆಲ್ಲ ಹೇಳಿದ್ದನ್ನೇ ನಾನು ಕಲಬುರಗಿಯಲ್ಲಿ ಕೂತು ಮತ್ತೆ ಟೈಪ್ ಮಾಡಿದ್ದೆ ಅಷ್ಟೇ.

ಹಾಗಂತ ಹಿಂದಿನವರನ್ನು ಓದಬೇಡಿ ಅಂತಲ್ಲ. ಚೆನ್ನಾಗಿ ಓದಿ. ಅದರಲ್ಲೂ ಈ ವಿದ್ಯೆ ನಮ್ಮ ಭಾಗಕ್ಕೆ ಹೊರಗಿನದಲ್ಲ ಅನ್ನುವುದನ್ನು ತಿಳಿದುಕೊಂಡು ಓದಿ. 1948ರವರೆಗೆ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಗ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಅನ್ವರ್ ಇಕ್ಬಾಲ್ ಖುರೇಶಿ 1940ರ ದಶಕದಲ್ಲೇ ಇಸ್ಲಾಂ ಮತ್ತು ಬಡ್ಡಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಹೈದರಾಬಾದಿನಲ್ಲೇ ಹುಟ್ಟಿದ ಮುಹಮ್ಮದ್ ಹಮೀದುಲ್ಲಾ ಅಲ್ಲಿನ ಬಡ್ಡಿ ಇಲ್ಲದ ಸಹಕಾರ ಸಂಘಗಳ ಬಗ್ಗೆ ಬರೆದರು. ಮಕ್ಕಾದಲ್ಲಿ ಇಸ್ಲಾಮಿಕ್ ಅರ್ಥಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು 1976ರಲ್ಲಿ. ನಾವು ಇವತ್ತು ಲೇಖನ ಕಳಿಸಲು ನೋಡುವ ದೊಡ್ಡ ಜರ್ನಲ್‌ಗಳು ಅದರ ನಂತರದವು. ಜಿದ್ದಾದ ಕಿಂಗ್ ಅಬ್ದುಲ್ ಅಜೀಜ್ ವಿಶ್ವವಿದ್ಯಾಲಯದ ಜರ್ನಲ್ 1980ರ ದಶಕದ್ದು, ಅದೇ ಊರಿನ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧನಾ ಸಂಸ್ಥೆಯ ಜರ್ನಲ್ 1990ರ ದಶಕದ್ದು. ನಮ್ಮ ಹಳೆಯ ಸಂಸ್ಥಾನದವರು ಅದಕ್ಕಿಂತ ಮೊದಲೇ ಬರೆಯಲು ಕೂತಿದ್ದರು. ಇದನ್ನು ಓದಿದ ಮೇಲೆ ನನ್ನ ಹಿಂಜರಿಕೆ ಹೋಯಿತು.

ಈಗ ನನ್ನ ಎರಡನೇ ಪೇಪರಿನ ಮಾತು.

ನಮ್ಮ ಜಿಲ್ಲೆಯನ್ನು ತೊಗರಿ ಕಣಜ ಅಂತಾರೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಜೂನ್, ಜುಲೈನಲ್ಲಿ ಬಿತ್ತುತ್ತಾರೆ, ರಾಶಿ ಆಗುವುದು ಡಿಸೆಂಬರ್, ಜನವರಿಗೆ. ನಡುವಿನ ಐದಾರು ತಿಂಗಳು ರೈತನ ಕೈಯಲ್ಲಿ ರೊಕ್ಕ ಇರುವುದಿಲ್ಲ. ಆಗ ಗಂಜ್‌ನ (ಧಾನ್ಯದ ಪೇಟೆಯ) ಅಡತಿ ಅಂಗಡಿಯಿಂದ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿಯಿಂದ, ಮುಂಗಡ ತರುತ್ತಾರೆ. ಇಸ್ಲಾಮಿಕ್ ಕಾನೂನಿನಲ್ಲಿ ಸಲಮ್ ಅನ್ನುವ ಒಂದು ಒಪ್ಪಂದ ಇದೆ. ಮಾಲು ಮುಂದೆ ಕೊಡುವುದು, ಹಣ ಇವತ್ತೇ ಪಡೆಯುವುದು. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಜನ ವರ್ಷ, ಎರಡು ವರ್ಷ ಮೊದಲೇ ಹಣ ಕೊಟ್ಟು ಖರ್ಜೂರ ಕೊಳ್ಳುತ್ತಿದ್ದರು. ಮುಂಗಡ ಕೊಡುವವರು ಗೊತ್ತಿರುವ ಅಳತೆಗೆ, ಗೊತ್ತಿರುವ ತೂಕಕ್ಕೆ, ಗೊತ್ತಿರುವ ಅವಧಿಗೆ ಕೊಡಲಿ ಅಂತ ಪ್ರವಾದಿಯವರು ಹೇಳಿದ್ದನ್ನು ಅವರ ಸಂಗಾತಿ ಇಬ್ನ್ ಅಬ್ಬಾಸ್ ವರದಿ ಮಾಡಿದ್ದಾರೆ, ಬುಖಾರಿ ಅನ್ನುವ ಹದೀಸ್ (ಪ್ರವಾದಿಯವರ ಮಾತುಗಳ) ಸಂಗ್ರಹದಲ್ಲಿದೆ. ಗಂಜ್‌ನ ಮುಂಗಡವೂ ಇದೇ ಅಲ್ವಾ ಅಂದುಕೊಂಡು ನಾನು ಪೇಪರ್ ಬರೆದೆ. ಕೆಲವು ರೈತರನ್ನು ಮಾತಾಡಿಸಿದ್ದೆ, ಚೆಂದದ ಕೋಷ್ಟಕ ಹಾಕಿದ್ದೆ.

ಈ ಸಲ ಪೇಪರ್ ವಿಮರ್ಶಕರ ತನಕ ಹೋಯಿತು. ಅವರಲ್ಲಿ ಒಬ್ಬರು ಕೇಳಿದ್ದು ಎರಡು ಪ್ರಶ್ನೆ. ನೀವು ಇದನ್ನು ಸಲಮ್ ಅಂದಿದ್ದೀರಿ, ಒಪ್ಪಂದದ ದಿನವೇ ಪೂರ್ತಿ ಬೆಲೆ ಕೊಡುತ್ತಾರಾ? ಅವತ್ತೇ ಬೆಲೆ ನಿಗದಿ ಆಗುತ್ತದಾ? ನಾನು ರೈತರನ್ನು ಎಷ್ಟು ಮುಂಗಡ ತಗೊಂಡಿರಿ, ಯಾವಾಗ ತಗೊಂಡಿರಿ ಅಂತ ಕೇಳಿದ್ದೆ. ಇದನ್ನು ಕೇಳಿರಲಿಲ್ಲ.

ಮತ್ತೆ ನೆಹರೂ ಗಂಜ್‌ಗೆ ಹೋದೆ. ಪರಿಚಯದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ವಯಸ್ಸಾದ ಮುನೀಮರು ಇದ್ದರು. ಗಾದಿ ಮೇಲೆ ಕೂಡಿಸಿ, ಚಹಾ ತರಿಸಿ, ಕೆಂಪು ಬಟ್ಟೆಯ ಖಾತೆ ಪುಸ್ತಕ ಬಿಚ್ಚಿದರು. ರೈತನ ಹೆಸರಿನ ಜಾಗವನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಸಾಲುಗಳನ್ನು ಮಾತ್ರ ತೋರಿಸಿದರು. ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ದವಾಖಾನೆಗೆ ಇಷ್ಟು. ಪ್ರತಿ ಸಾಲಿಗೂ ತಾರೀಖು ಇತ್ತು. ತೊಗರಿ ಅನ್ನುವ ಮಾತೇ ಇರಲಿಲ್ಲ.

"ರೇಟ್ ಎಲ್ಲಿ ಬರೆದೀರಿ ಕಾಕಾ?" ಅಂದೆ.

"ರೇಟ್ ಈಗ್ಯಾಕ ಬರೀತಾರ ಮೇಡಂರ? ಮಾಲು ಬಂದ ದಿನ ಟೆಂಡರ್‌ನಾಗ ಏನ್ ಆಗ್ತದೋ ಅದೇ ರೇಟು."

"ಹಂಗಾದ್ರ ಈ ರೊಕ್ಕ?"

"ಇದು ಸಾಲ ಅದರಿ. ಮಾಲು ನಮ್ಮ ಅಂಗಡಿಗೇ ಹಾಕಬೇಕು. ಹಾಕಿದ್ರ ಬಡ್ಡಿ ಹಿಡಿಯಂಗಿಲ್ಲ. ಬ್ಯಾರೆ ಕಡೆ ಒಯ್ದ್ರ ಹಿಡೀತೀವಿ."

ನನ್ನ ಇಡೀ ಪೇಪರ್ ಅಲ್ಲೇ ಬಿದ್ದುಹೋಯಿತು. ಅದಕ್ಕಿಂತ ಒಳ್ಳೆಯ ಪೇಪರ್ ಅಲ್ಲೇ ಸಿಕ್ಕಿತು. ಬೆಲೆ ನಿಗದಿ ಇಲ್ಲ, ತೂಕ ನಿಗದಿ ಇಲ್ಲ, ಕೊಡುವ ದಿನವೂ ಇಲ್ಲ. ಅಂದರೆ ಇದು ಸಲಮ್ ಅಲ್ಲವೇ ಅಲ್ಲ. ಇದು ಸಾಲ, ಅದರ ಜೊತೆ ಮಾರಾಟದ ಒಂದು ಕಟ್ಟುಪಾಡು. ಇದರ ಬಗ್ಗೆಯೂ ಹಳೆಯ ಮಾತಿದೆ. ಸಾಲ ಮತ್ತು ಮಾರಾಟ ಎರಡನ್ನೂ ಒಂದಕ್ಕೊಂದು ಕಟ್ಟಬಾರದು ಅನ್ನುವ ಹದೀಸ್ ಅಬೂದಾವೂದ್, ತಿರ್ಮಿಜಿ ಎರಡೂ ಸಂಗ್ರಹಗಳಲ್ಲಿ ಇದೆ. ಸಾಲ ಕೊಟ್ಟವನಿಗೆ ಲಾಭ ತರುವ ಸಾಲವೆಲ್ಲ ರಿಬಾ ಅನ್ನುವುದು ಫಿಕ್ಹ್‌ನ (ಇಸ್ಲಾಮಿಕ್ ಕಾನೂನು ಶಾಸ್ತ್ರದ) ಹೆಸರಾದ ಸೂತ್ರ. ಮಾಲು ನಮ್ಮ ಅಂಗಡಿಗೇ ಬರಲಿ ಅನ್ನುವುದು ಅಂಥ ಲಾಭವಾ? ಬಡ್ಡಿ ಅಂತ ಕಾಗದದಲ್ಲಿ ಇಲ್ಲದೆಯೂ ರೈತ ಸಾಲಕ್ಕೆ ಬೆಲೆ ತೆರುತ್ತಿದ್ದಾನಾ? ಈಗ ನನ್ನ ಹತ್ತಿರ ನಿಜವಾದ ಪ್ರಶ್ನೆ ಇತ್ತು.

ನೋಡಿ, ಕುರಾನಿನ ಅತ್ಯಂತ ಉದ್ದದ ಆಯತ್ (ವಚನ), ಅಲ್-ಬಕರಾ ಅಧ್ಯಾಯದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಅವಧಿಯ ಸಾಲ ಆದರೆ ಬರೆಯಿರಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಣ್ಣದಿರಲಿ ದೊಡ್ಡದಿರಲಿ ಬೇಸರ ಪಡಬೇಡಿ ಅನ್ನುತ್ತದೆ. ಈ ಆಯತನ್ನು ಚಿಕ್ಕಂದಿನಿಂದ ಓದಿದ್ದೆ. ಆ ಖಾತೆ ಪುಸ್ತಕದ ಮುಂದೆ ಕೂತಾಗ ಅದರ ತೂಕ ಗೊತ್ತಾಯಿತು. ಏನು ಬರೆದಿದ್ದಾರೆ, ಏನನ್ನು ಬರೆಯದೆ ಬಿಟ್ಟಿದ್ದಾರೆ ಅನ್ನುವುದೇ ನನ್ನ ಪೇಪರಿನ ಆಧಾರ ಆಯಿತು.

ಇನ್ನು ಅರಬ್ಬಿ ಬರದವರ ಚಿಂತೆ. ಪೂರ್ತಿ ಬರದಿದ್ದರೂ ನಡೆಯುತ್ತದೆ, ಆದರೆ ಅಸಡ್ಡೆ ನಡೆಯಲ್ಲ. ಎಲ್ಲೋ ಒಂದು ವೆಬ್‌ಸೈಟಿನಲ್ಲಿ ಕಂಡ ಹದೀಸನ್ನು ಹಾಗೇ ಎತ್ತಿ ಹಾಕಬೇಡಿ. ಸಂಗ್ರಹದ ಹೆಸರು, ಅಧ್ಯಾಯ, ಸಂಖ್ಯೆ, ಯಾವ ಮುದ್ರಣ ಎಲ್ಲ ಕೊಡಿ. ಮುದ್ರಣ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಗೊತ್ತಿರುವ ಒಬ್ಬ ಆಲಿಮ್ (ಧಾರ್ಮಿಕ ವಿದ್ವಾಂಸರ) ಹತ್ತಿರ ಕೂತು ಓದಿಸಿಕೊಳ್ಳಿ, ಕೃತಜ್ಞತೆಯಲ್ಲಿ ಅವರನ್ನು ನೆನೆಯಿರಿ. ಉರ್ದು ಬಲ್ಲವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಉರ್ದುವಿನಲ್ಲಿರುವ ಒಳ್ಳೆಯ ಬರಹಗಳನ್ನು ಇಂಗ್ಲಿಷಿನವರು ನೋಡಿರುವುದಿಲ್ಲ. ಅದು ನಿಮ್ಮ ಕೈಲಿರುವ ಆಸ್ತಿ.

ಮತ್ತೆ, ಒಂದೇ ಮಜ್‌ಹಬ್‌ನ (ಇಸ್ಲಾಮಿಕ್ ಕಾನೂನಿನ ಒಂದು ಪಂಥದ) ಮಾತನ್ನು ಇಸ್ಲಾಮಿನ ಮಾತು ಅಂತ ಬರೆದುಬಿಡಬೇಡಿ. ಸಲಮ್‌ನಲ್ಲೇ ನೋಡಿ. ಒಪ್ಪಂದದ ದಿನದಿಂದ ಕೊಡುವ ದಿನದವರೆಗೂ ಆ ಮಾಲು ಪೇಟೆಯಲ್ಲಿ ಸಿಗುವಂತಿರಬೇಕು ಅಂತ ಹನಫಿಗಳು ಹೇಳುತ್ತಾರೆ. ಕೊಡುವ ದಿನ ಸಿಕ್ಕರೆ ಸಾಕು ಅಂತ ಉಳಿದ ಮೂರು ಮಜ್‌ಹಬ್‌ನವರು. ವರ್ಷಕ್ಕೊಮ್ಮೆ ಬೆಳೆಯುವ ತೊಗರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಹಾಗೇ, ಇಂಥದ್ದೇ ಹೊಲದ ಬೆಳೆ ಅಂತ ಗುರುತು ಮಾಡಿ ಸಲಮ್ ಮಾಡುವಂತಿಲ್ಲ, ಆ ಹೊಲ ಒಣಗಿದರೆ ಕೊಡುವುದೇನು? ಇಸ್ಲಾಮಿಕ್ ಹಣಕಾಸಿಗೆ ಮಾನದಂಡ ರೂಪಿಸುವ, ಬಹರೇನಿನಲ್ಲಿರುವ ಆಯೋಫಿ ಸಂಸ್ಥೆಯ ಶರಿಯಾ ಮಾನದಂಡಗಳಲ್ಲಿ 10ನೆಯದು ಸಲಮ್ ಬಗ್ಗೆಯೇ ಇದೆ. ಈ ವಿಷಯ ಮುಟ್ಟುವವರು ಅದನ್ನು ಓದದೆ ಬರೆಯಬೇಡಿ.

ಹಸ್ತಪ್ರತಿ ಸಿದ್ಧ ಮಾಡುವಾಗ ಜರ್ನಲ್‌ನ ಸೂಚನೆಗಳನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಒಂದೊಂದು ಕಡೆ ಒಂದೊಂದು ಪದ್ಧತಿ. ಎಮರಾಲ್ಡ್ ಪ್ರಕಾಶನದ ಜರ್ನಲ್‌ಗಳು ಸಾರಾಂಶವನ್ನು ಉದ್ದೇಶ, ವಿಧಾನ, ಕಂಡದ್ದು, ಹೊಸತು ಅಂತ ತುಂಡು ಮಾಡಿ, 250 ಪದದೊಳಗೆ ಕೇಳುತ್ತವೆ. ಸಾರಾಂಶವನ್ನು ಕೊನೆಗೆ ಬರೆಯಿರಿ. ಜೆಇಎಲ್ ಕೋಡ್ ಕೇಳಿದರೆ ಗಾಬರಿ ಬೇಡ, ಅದು ಅರ್ಥಶಾಸ್ತ್ರದ ವಿಷಯಗಳಿಗೆ ಕೊಟ್ಟ ಗುರುತು ಅಷ್ಟೇ. ಧರ್ಮಕ್ಕೆ ಜೆಡ್12, ಬ್ಯಾಂಕುಗಳಿಗೆ ಜಿ21. ಜಕಾತ್ (ಕಡ್ಡಾಯ ದಾನ) ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ ಇವೆ. ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಬಳಸಿ. ಲೇಖಕರು ಯಾರು ಅಂತ ವಿಮರ್ಶಕರಿಗೆ ಗೊತ್ತಾಗಬಾರದು, ಹಾಗಾಗಿ ಮೊದಲ ಪುಟದಿಂದ ಹೆಸರು ತೆಗೆದರೆ ಸಾಲದು. ಫೈಲಿನ ಪ್ರಾಪರ್ಟೀಸ್‌ನಲ್ಲಿ, ಕಾಮೆಂಟ್‌ಗಳಲ್ಲಿ ಹೆಸರು ಉಳಿದಿರುತ್ತದೆ. ಅದನ್ನೂ ಅಳಿಸಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಊರಿನ ಪದವನ್ನು ಪೇಪರಿನಲ್ಲಿ ಉಳಿಸಿಕೊಳ್ಳಿ. ಮುಂಗಡ ಅನ್ನುವುದನ್ನು ನಾನು ಮೊದಲು ಅಡ್ವಾನ್ಸ್ ಅಂತ ಬರೆದಿದ್ದೆ. ತಪ್ಪು ಶುರುವಾದದ್ದೇ ಅಲ್ಲಿ. ಗಂಜ್‌ನಲ್ಲಿ ಮುಂಗಡ ಅಂದರೆ ಸಾಲವೂ ಹೌದು, ನಂಬಿಕೆಯೂ ಹೌದು, ಬಿಡಿಸಿಕೊಳ್ಳಲಾಗದ ಗಂಟೂ ಹೌದು. ಅಡ್ವಾನ್ಸ್ ಅಂದ ತಕ್ಷಣ ಅದು ಖರೀದಿಯ ಹಾಗೆ ಕಂಡಿತು, ನಾನೂ ಸಲಮ್ ಅಂದುಬಿಟ್ಟೆ. ಎರಡನೇ ಸಲ ಮುಂಗಡ ಅಂತಲೇ ಇಂಗ್ಲಿಷ್ ಲಿಪಿಯಲ್ಲಿ ಬರೆದು, ಅದರ ಅರ್ಥವನ್ನು ಒಂದು ಪ್ಯಾರಾದಲ್ಲಿ ಬಿಡಿಸಿದೆ. ವಿಮರ್ಶಕರು ಮೆಚ್ಚಿದ್ದು ಆ ಪ್ಯಾರಾವನ್ನೇ.

ಹಣ ಕೇಳುವ ಜರ್ನಲ್‌ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಮೂರು ದಿನದಲ್ಲಿ ಪ್ರಕಟಣೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬರುವುದನ್ನು ನಂಬಬೇಡಿ. ಒಳ್ಳೆಯ ವಿಮರ್ಶೆಗೆ ತಿಂಗಳುಗಟ್ಟಲೆ ಬೇಕು. ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ ನೋಡಿ ಆರಿಸುವ ಅಭ್ಯಾಸ ಇತ್ತು. 2025ರಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಈಗ ನೀವೇ ಸಂಪಾದಕ ಮಂಡಳಿಯನ್ನು ನೋಡಬೇಕು, ಹಿಂದಿನ ಸಂಚಿಕೆಯ ಎರಡು ಲೇಖನ ಪೂರ್ತಿ ಓದಬೇಕು. ಅವನ್ನು ಓದಿ ನಿಮಗೆ ಏನೂ ಕಲಿಯಲು ಸಿಗದಿದ್ದರೆ ಅಲ್ಲಿಗೆ ಕಳಿಸಬೇಡಿ.

ವಿಮರ್ಶೆ ಬಂದ ಮೇಲೆ ಒಂದು ವಾರ ಸುಮ್ನೆ ಇಟ್ಟುಬಿಡಿ. ಆಮೇಲೆ ಅವರ ಒಂದೊಂದು ಮಾತನ್ನೂ ಒಂದು ಕಡೆ ಬರೆದು, ಎದುರಿಗೆ ನಿಮ್ಮ ಉತ್ತರ, ಯಾವ ಪುಟದಲ್ಲಿ ತಿದ್ದಿದ್ದೀರಿ ಅನ್ನುವುದನ್ನು ಬರೆಯಿರಿ. ಒಪ್ಪದ ಕಡೆ ಒಪ್ಪಲ್ಲ ಅಂತಲೇ ಹೇಳಿ, ಕಾರಣ ಕೊಡಿ. ನನ್ನ ಪೇಪರ್ ಸ್ವೀಕಾರ ಆಗುವ ಮೊದಲು ಮೂರು ಸಲ ತಿದ್ದಿದ್ದೇನೆ. ಮುನೀಮ ಕಾಕಾ ಅವರ ಹತ್ತಿರ ಎರಡು ಸಲ ಹೋಗಿದ್ದೇನೆ. ಅಂಗಡಿಯ ಹೆಸರು, ರೈತರ ಹೆಸರು ಎಲ್ಲೂ ಬರದಂತೆ ನೋಡಿಕೊಂಡೆ. ಆ ಮಾತು ಅವರಿಗೆ ಮೊದಲೇ ಕೊಟ್ಟಿದ್ದೆ.

ಮೊನ್ನೆ ಬೀದರಿನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಬಿದ್ರಿ ಕೆಲಸದವರ ಮೇಲೆ ಬರೆಯಬೇಕಂತೆ. ಹೇಳಿ ಮಾಡಿಸುವ ವಸ್ತುವಿಗೆ ಇಸ್ತಿಸ್ನಾ ಅನ್ನುವ ಒಪ್ಪಂದ ಇದೆಯಲ್ಲ, ಅದರ ಪ್ರಕಾರ ಬಿದ್ರಿ ಆರ್ಡರ್‌ಗಳನ್ನು ನೋಡುತ್ತೇನೆ ಅಂದಳು. ವಿಷಯ ಕೇಳಿ ನನಗೆ ಖುಷಿ ಆಯಿತು. "ಹೂಬಳ್ಳಿ ಕೂರಿಸೋಕೆ ಬೆಳ್ಳಿ ಬೇಕಲ್ಲ, ಆ ಬೆಳ್ಳಿ ಯಾರು ಕೊಡ್ತಾರಮ್ಮ?" ಅಂದೆ. ಸಾಮಾನು ಕುಶಲಕರ್ಮಿಯದ್ದೇ ಆದರೆ ಅದು ಇಸ್ತಿಸ್ನಾ. ಮಾಡಿಸುವವನೇ ಬೆಳ್ಳಿ, ಲೋಹ ಎಲ್ಲ ಕೊಟ್ಟರೆ ಅದು ಬರೀ ಕೂಲಿ, ಫಿಕ್ಹ್‌ನಲ್ಲಿ ಇಜಾರಾ. ನಷ್ಟ ಯಾರ ಮೇಲೆ ಅನ್ನುವ ಲೆಕ್ಕವೇ ಬದಲಾಗುತ್ತದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. "ಕೇಳಿಲ್ಲ ಮೇಡಂ" ಅಂದಳು. ಮರುದಿನ ಸಂಜೆ ಒಂದು ಕಾರ್ಖಾನೆಯ ಬಾಗಿಲಿಂದಲೇ ಮತ್ತೆ ಫೋನ್ ಬಂತು. ಹಿಂದೆ ಉಳಿ, ಸುತ್ತಿಗೆಯ ಟಕ್ ಟಕ್ ಸದ್ದು. "ಮೇಡಂ, ಬೆಳ್ಳಿ ಆರ್ಡರ್ ಕೊಟ್ಟ ಸೇಠ್‌ದಂತೆ, ಉಳಿದ ಲೋಹ ಇವರದಂತೆ. ಇದಕ್ಕೆ ಏನಂತ ಹೆಸರು?"