ಜೀಪಿನ ಮೂತಿಗೆ ವಿಂಚ್ ಕೂರಿಸಿದ ದಿನ

ಹಾನುಬಾಳು, ಸಕಲೇಶಪುರ
19 ಮೇ 2024, ಭಾನುವಾರ, ರಾತ್ರಿ 9.30

ಬೆಳಿಗ್ಗೆ ಏಳಕ್ಕೆ ಹಿಡಿದ ಕೆಲಸ ಸಂಜೆ ಐದೂವರೆಗೆ ಮುಗಿಯಿತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಗ್ರೀಸ್ ಹೋಗಿಲ್ಲ. ಆದರೆ ನಮ್ಮ ಥಾರ್ ಜೀಪಿನ ಮುಂದೆ ವಿಂಚ್, ಅಂದರೆ ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿಕೊಳ್ಳುತ್ತಾ ಎಳೆಯುವ ಮೋಟಾರ್ ಯಂತ್ರ, ಕೂತಿದೆ, ಎಳೆದೂ ನೋಡಿ ಆಯಿತು. ಮಳೆಗಾಲಕ್ಕೆ ಇನ್ನು ಎರಡು ವಾರ ಸಿಕ್ಕರೆ ಹೆಚ್ಚು. ಕಾಫಿ ತೋಟದಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವ) ಕೆಲಸ ಅರ್ಧಕ್ಕೆ ನಿಂತಿದೆ, ಗೊಬ್ಬರ ಹಾಕಿಸಬೇಕು, ಆದರೂ ಇವತ್ತಿನ ಭಾನುವಾರ ಇದಕ್ಕೇ ಅಂತ ತೆಗೆದಿಟ್ಟಿದ್ದೆ.

ಕಳೆದ ಜುಲೈಯ ಆ ರಾತ್ರಿ ಇಲ್ಲದಿದ್ದರೆ ನಾನು ವಿಂಚ್ ತರುತ್ತಲೇ ಇರಲಿಲ್ಲ. ಹತ್ತು ಗಂಟೆಗೆ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಹೊರಗೆ ಧೋ ಅಂತ ಮಳೆ. ಕರೆಂಟ್ ಹೋಗಿ ಮೂರು ದಿನ ಆಗಿತ್ತು. ಅಪ್ಪನನ್ನು ಮುಂದೆ ಕೂರಿಸಿಕೊಂಡು ಹೊರಟೆ. ಕೆಲಸದವರು ಇರುವ ಲೈನ್ ಮನೆಗಳ ಕೆಳಗೆ ಕೊಲ್ಲಿ, ಅಂದರೆ ಹಳ್ಳ, ದಾಟುವ ಕಡೆ ಜೀಪು ಎಡಕ್ಕೆ ಜಾರಿ ಚರಂಡಿಗೆ ಇಳಿದೇ ಬಿಟ್ಟಿತು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಲೋ ಗೇರ್ ಹಾಕಿದೆ. ಮುಂದಿನ ಒಂದು ಚಕ್ರ, ಹಿಂದಿನ ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗುತ್ತಿವೆ, ಉಳಿದೆರಡು ಅಲ್ಲಾಡುತ್ತಿಲ್ಲ. ನಮ್ಮದು 2013ರ ಮಾಡೆಲ್, ಎಡಬಲದ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇಲ್ಲ. ಹಿಡಿತ ಇಲ್ಲದ ಚಕ್ರವೇ ತಿರುಗುತ್ತದೆ, ಹಿಡಿತ ಇರುವುದು ನಿಂತೇ ಇರುತ್ತದೆ.

ಲೈನಿನಿಂದ ನಾಲ್ಕು ಜನ ಬಂದು ತಳ್ಳಿದರು, ಆಗಲಿಲ್ಲ. ಪಕ್ಕದ ತೋಟದವರು ಟ್ರ್ಯಾಕ್ಟರ್ ತಂದರು. ಕತ್ತಲು, ಮಳೆ, ಗಡಿಬಿಡಿ, ಸರಪಳಿಯನ್ನು ಬಂಪರಿಗೇ ಸುತ್ತಿ ಎಳೆದರು. ಬಂಪರಿನ ಒಂದು ಕಡೆ ಕಿತ್ತುಕೊಂಡು ಮುಂದಕ್ಕೆ ಬಂತು, ಜೀಪು ಇದ್ದಲ್ಲೇ ಇತ್ತು. ಆಮೇಲೆ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ನಮ್ಮ ರೈಟರು ಕೆಸರಲ್ಲಿ ಮಲಗಿ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಸರಪಳಿ ಹಾಕಿದರು, ಒಂದೇ ಎಳೆತಕ್ಕೆ ಬಂತು. ಅಷ್ಟೊತ್ತಿಗೆ ಒಂದೂವರೆ ಗಂಟೆ ಹೋಗಿತ್ತು. ಹಾಸನದಲ್ಲಿ ನೋಡಿ, ಹೃದಯಕ್ಕೆ ಏನೂ ಆಗಿಲ್ಲ, ಬಿಪಿ ಜಾಸ್ತಿ ಆಗಿದೆ, ಜೊತೆಗೆ ಗ್ಯಾಸ್ ಅಂದರು. ಅಪ್ಪ ಮೂರನೇ ದಿನ ಮನೆಗೆ ಬಂದರು. ಆದರೆ ಆ ಒಂದೂವರೆ ಗಂಟೆ ಅಪ್ಪ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದದ್ದು ನನಗೆ ಇವತ್ತಿಗೂ ಮರೆಯುವುದಿಲ್ಲ.

ಬಂಪರ್ ಕಿತ್ತು ಬಂದದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ಹಾಗಾಗಿ ವಿಂಚ್ ಅಂದ ತಕ್ಷಣ ನನ್ನ ಮೊದಲ ಪ್ರಶ್ನೆ ಅದು ಎಷ್ಟು ಎಳೆಯುತ್ತದೆ ಅಂತ ಅಲ್ಲ, ಅದನ್ನು ಯಾವುದಕ್ಕೆ ಕಟ್ಟುವುದು ಅಂತ. ಬಂಪರ್ ಅಂದರೆ ತಟ್ಟಿದರೆ ತಡೆಯುವ ತಗಡು. ನಾಲ್ಕು ಟನ್ ಎಳೆತ ತಡೆಯುವುದು ಚಾಸಿ ಮಾತ್ರ.

ವಿಂಚನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತೆಗೆದುಕೊಂಡೆ. 12 ವೋಲ್ಟಿನದು, 9500 ಪೌಂಡ್, ಅಂದರೆ ಸುಮಾರು 4300 ಕೆಜಿ ಎಳೆಯುವಂಥದ್ದು. ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ಜೀಪು, ಜನ, ಗೊಬ್ಬರದ ಚೀಲ ಎಲ್ಲ ಸೇರಿ ಎರಡೂಕಾಲು ಟನ್ ಅಂತ ಹಿಡಿದೆ, ಮೂರೂವರೆ ಟನ್ ಹತ್ತಿರ ಬಂತು. ಆದರೆ ಆ 4300 ಕೆಜಿ ಸಿಗುವುದು ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಿರುವಾಗ. ಹಗ್ಗ ಸುತ್ತಿಕೊಳ್ಳುತ್ತಾ ಡ್ರಮ್ ದಪ್ಪ ಆದ ಹಾಗೆ ಎಳೆತ ಕಡಿಮೆಯಾಗುತ್ತದೆ, ಮೇಲಿನ ಪದರಕ್ಕೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು. ಹಾಗಾಗಿ ಹತ್ತಿರದ ಮರಕ್ಕಿಂತ ದೂರದ ಮರವೇ ಒಳ್ಳೆಯದು.

ಉಕ್ಕಿನ ರೋಪೋ, ಸಿಂಥೆಟಿಕ್ ಹಗ್ಗವೋ ಅನ್ನುವುದರಲ್ಲಿ ಒಂದು ವಾರ ಕಳೆದೆ. ಗೋವಾದಲ್ಲಿ 2014ರಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜ್ ಅನ್ನುವ ಕೆಸರು-ಕಾಡಿನ ಗಾಡಿ ಸ್ಪರ್ಧೆ ನೋಡಿ ಬಂದಿದ್ದ ಚಿಕ್ಕಪ್ಪನ ಮಗ, "ಅಕ್ಕ, ಉಕ್ಕಿನದು ಬೇಡ್ವೇ ಬೇಡ" ಅಂದ. ಎಳೆತದಲ್ಲಿ ತುಂಡಾದರೆ ಉಕ್ಕಿನ ರೋಪ್ ಚಾಟಿಯ ಹಾಗೆ ಬೀಸಿಕೊಂಡು ಬರುತ್ತದೆ, ಕಾಲು ಮುರಿಯುವುದಕ್ಕೆ ಅಷ್ಟು ಸಾಕು. ಸಿಂಥೆಟಿಕ್ ಹಗುರ, ತುಂಡಾದರೂ ಅಷ್ಟು ಬೀಸುವುದಿಲ್ಲ, ಕೈಗೆ ತಂತಿ ಚುಚ್ಚುವುದಿಲ್ಲ. ಆದರೆ ಬಿಸಿಲು, ಕೆಸರಿನ ಮರಳು, ಚೂಪು ಕಲ್ಲು ಇದಕ್ಕೆ ಆಗಿಬರುವುದಿಲ್ಲ, ಪ್ರತಿ ಸಲ ತೊಳೆಯಬೇಕು. ನಮ್ಮ ತೋಟದಲ್ಲಿ ಹಗ್ಗದ ಸುತ್ತ ಯಾವಾಗಲೂ ಜನ ಇರುತ್ತಾರೆ, ಅದಕ್ಕೇ ಸಿಂಥೆಟಿಕ್ ತೆಗೆದುಕೊಂಡೆ.

ಇನ್ನು ಇವತ್ತಿನ ಕೆಲಸ. ಸಕಲೇಶಪುರದಿಂದ ಗ್ಯಾರೇಜಿನ ಅಣ್ಣ ವೆಲ್ಡಿಂಗ್ ಸೆಟ್ ಸಮೇತ ಬಂದಿದ್ದರು. ಬಂಪರ್ ಬಿಚ್ಚಿ ಪಕ್ಕಕ್ಕಿಟ್ಟ ಕೂಡಲೇ ಅವರು ಹೇಳಿದ್ದು, "ಅಕ್ಕ, ಪ್ಲೇಟನ್ನ ಚಾಸಿಗೇ ವೆಲ್ಡ್ ಹೊಡ್ದು ಬಿಡ್ತೀನಿ, ಅರ್ಧ ಗಂಟೆ ಕೆಲಸ."

"ಬೇಡ ಅಣ್ಣ, ಬೋಲ್ಟೇ ಹಾಕಿ. ಚಾಸಿಗೆ ಬೆಂಕಿ ತಾಗಿಸೋದು ಬೇಡ."

ಅವರಿಗೆ ಸ್ವಲ್ಪ ಬೇಜಾರಾಯಿತು, ಆದರೆ ಒಪ್ಪಿದರು. ವೆಲ್ಡ್ ಮಾಡಿದ ಜಾಗದ ಪಕ್ಕದಲ್ಲಿ ಉಕ್ಕಿನ ಗುಣ ಬದಲಾಗುತ್ತದೆ, ಬಿರುಕು ಬಿಟ್ಟರೆ ಅಲ್ಲೇ ಬಿಡುತ್ತದೆ. ಬೋಲ್ಟ್ ಆದರೆ ಬಿಚ್ಚಿ ನೋಡಬಹುದು, ಬೇಡವಾದರೆ ತೆಗೆದೇ ಇಡಬಹುದು. 6 ಮಿಮೀ ದಪ್ಪದ ಪ್ಲೇಟನ್ನು ಮೊದಲೇ ಹಾಸನದಲ್ಲಿ ಮಡಚಿಸಿ ತಂದಿದ್ದೆ. ಚಾಸಿಯ ಎರಡು ಉದ್ದ ತೊಲೆಗಳೂ ಒಳಗೆ ಟೊಳ್ಳು. ಬರೀ ಬೋಲ್ಟ್ ಬಿಗಿದರೆ ಅವು ಒಳಕ್ಕೆ ನಜ್ಜುತ್ತವೆ, ಬಿಗಿ ನಿಲ್ಲುವುದಿಲ್ಲ. ಅದಕ್ಕೆ ಒಂದೊಂದು ಬೋಲ್ಟಿಗೂ ಒಳಗೆ ಸರಿಯಾದ ಅಳತೆಯ ಪೈಪಿನ ತುಂಡು ಹಾಕಿಸಿದೆ. 12 ಮಿಮೀ ಬೋಲ್ಟ್, ತಲೆಯ ಮೇಲೆ ಗಟ್ಟಿತನದ ಗುರುತಾಗಿ 8.8 ಅಂತ ಒತ್ತಿರುವುದೇ ಬೇಕು ಅಂತ ಹಠ ಹಿಡಿದಿದ್ದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಕೊಡುವ ಸಾದಾ ಬೋಲ್ಟ್ ಇಲ್ಲಿ ನಡೆಯುವುದಿಲ್ಲ.

ಪ್ಲೇಟ್ ಕೂತಿತು. ವಿಂಚನ್ನು ಪ್ಲೇಟಿಗೆ ಕೂರಿಸುವಾಗ ಒಂದು ಗಂಟೆ ಹೋಯಿತು. ಕಾಲಿನ ನಾಲ್ಕು ತೂತುಗಳು ಅಡ್ಡಕ್ಕೆ 10 ಇಂಚು, ಉದ್ದಕ್ಕೆ ನಾಲ್ಕೂವರೆ ಇಂಚು ಅಂತರದಲ್ಲಿರುತ್ತವೆ, ಈ ಅಳತೆಯ ಹೆಚ್ಚಿನ ವಿಂಚುಗಳಿಗೆಲ್ಲ ಇದೇ ಲೆಕ್ಕ. ಬೋಲ್ಟ್ ಕೆಳಗಿನಿಂದ ಬರುತ್ತದೆ. ಮೇಲೆ ವಿಂಚಿನ ಕಾಲಿನಲ್ಲಿ ಒಂದು ಸಣ್ಣ ಗುಂಡಿ, ಅದರೊಳಗೆ ಚೌಕದ ನಟ್ ಕೂರಬೇಕು. ಗುಂಡಿಗೆ ಬೆರಳು ಹೋಗುವುದಿಲ್ಲ. ನಟ್ ಹಾಕಿ ವಿಂಚ್ ಎತ್ತಿದರೆ ಟಣ್ ಅಂತ ಕೆಳಗೆ ಬೀಳುತ್ತದೆ. ಮೂರು ಸಲ ಬಿತ್ತು, ನಾಲ್ಕನೇ ಸಲ ಬಿದ್ದದ್ದು ಕಣದ ಅಂಚಿನ ಹುಲ್ಲಿನಲ್ಲಿ ಎಲ್ಲೋ ಹೋಗಿ, ಲೈನಿನ ಹುಡುಗ ಒಬ್ಬ ಸ್ಪೀಕರಿನ ಅಯಸ್ಕಾಂತ ತಂದು ಹುಡುಕಿಕೊಟ್ಟ. ಆಮೇಲೆ ಗುಂಡಿಯ ತುಂಬ ಗ್ರೀಸ್ ಮೆತ್ತಿ ನಟ್ಟನ್ನು ಅದರಲ್ಲಿ ಒತ್ತಿದೆವು. ವಿಂಚನ್ನು ಮಗುಚಿ ಹಿಡಿದರೂ ಬೀಳಲಿಲ್ಲ. ಇಬ್ಬರು ಎತ್ತಿ ಹಿಡಿದರು, ನಾನು ಕೆಳಗೆ ಮಲಗಿ ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಹಿಡಿಸಿ, ಆಮೇಲೆ ಪಾನಾ ಹಾಕಿದೆ.

ಎಲ್ಲ ಬಿಗಿದು ಬಂಪರನ್ನು ಮತ್ತೆ ಹಾಕಿದ ಮೇಲೆ ಗೊತ್ತಾಯಿತು, ವಿಂಚಿನ ಕ್ಲಚ್ಚಿನ ಹಿಡಿ ತಿರುಗುತ್ತಿಲ್ಲ. ಡ್ರಮ್ ಸಡಿಲ ಮಾಡಿ ಹಗ್ಗವನ್ನು ಕೈಯಲ್ಲಿ ಎಳೆದುಕೊಂಡು ಹೋಗಬೇಕಾದರೆ ಆ ಹಿಡಿ ತಿರುಗಲೇಬೇಕು. ಬಂಪರಿನ ಮೇಲಂಚು ಅದಕ್ಕೆ ಸರಿಯಾಗಿ ತಾಗುತ್ತಿತ್ತು. ಮತ್ತೆ ಬಂಪರ್ ಬಿಚ್ಚಿ ಮೂರು ಸೆಂಟಿಮೀಟರ್ ಗ್ರೈಂಡ್ ಮಾಡಿ, ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಳಿದು, ಮತ್ತೆ ಹಾಕಿದೆವು. ನೀವು ಯಾರಾದರೂ ಹಾಕಿಸುವುದಿದ್ದರೆ ಬೋಲ್ಟ್ ಪೂರ್ತಿ ಬಿಗಿಯುವ ಮೊದಲು ಆ ಹಿಡಿಯನ್ನು ತಿರುಗಿಸಿ ನೋಡಿ. ಹಾಗೇ ಹಗ್ಗ ಡ್ರಮ್ಮಿನ ಕೆಳಗಿನಿಂದ ಒಳಗೆ ಹೋಗುತ್ತಿದೆಯಾ ಅಂತಲೂ ನೋಡಿ. ಮೇಲಿನಿಂದ ಸುತ್ತಿಕೊಂಡರೆ ವಿಂಚಿನ ಬ್ರೇಕ್ ಹಿಡಿಯುವುದಿಲ್ಲ, ಭಾರ ಹಾಕಿದಾಗ ಹಿಂದಕ್ಕೆ ಜಾರುತ್ತದೆ.

ವೈರಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪೂರ್ತಿ ಭಾರ ಬಿದ್ದಾಗ ವಿಂಚ್ ಬ್ಯಾಟರಿಯಿಂದ 400 ಆಂಪಿಯರ್‌ವರೆಗೂ ಕರೆಂಟ್ ಎಳೆಯುತ್ತದೆ. ಗಾಡಿಯ ಸ್ಟಾರ್ಟರ್ ಕೂಡ ತುಂಬಾ ಕರೆಂಟ್ ತಿನ್ನುತ್ತದೆ, ಆದರೆ ಅದು ಒಂದೆರಡು ಸೆಕೆಂಡ್, ಇದು ನಿಮಿಷ. ಹಾಗಾಗಿ ಹೆಬ್ಬೆರಳಿನ ದಪ್ಪದ ತಾಮ್ರದ ಕೇಬಲ್ ಎರಡೂ ನೇರವಾಗಿ ಬ್ಯಾಟರಿಗೇ ಹೋಗಬೇಕು, ಅರ್ತ್ ಕೇಬಲನ್ನೂ ಗಾಡಿಯ ಮೈಗೆ ಜೋಡಿಸುವುದಲ್ಲ. ಕೆಂಪು ಕೇಬಲ್ಲಿನ ಮಧ್ಯೆ ಒಂದು ಕಟ್-ಆಫ್ ಸ್ವಿಚ್ ಹಾಕಿಸಿದೆ. ಕೇಬಲ್ ಎಲ್ಲಾದರೂ ಚಾಸಿಗೆ ಉಜ್ಜಿ ಸಿಪ್ಪೆ ಸುಲಿದರೆ ಬೆಂಕಿಯೇ, ಹಾಗಾಗಿ ತಗಡು ದಾಟುವ ಕಡೆಯೆಲ್ಲ ರಬ್ಬರ್ ಬುಷ್. ವಿಂಚ್ ಬಳಸದೇ ಇರುವಾಗ ಸ್ವಿಚ್ ಆಫ್, ರಿಮೋಟ್ ಮನೆಯ ಮಕ್ಕಳ ಕೈಗೆ ಸಿಗದ ಕಡೆ.

ನಂಬರ್ ಪ್ಲೇಟ್ ವಿಂಚಿನ ಹಿಂದೆ ಮುಚ್ಚಿಹೋಗುತ್ತಿತ್ತು, ಅದನ್ನು ಮುಂದಕ್ಕೆ ತಂದು ಕಾಣುವ ಹಾಗೆ ಹಾಕಿದೆವು. ಕಾನೂನಿನ ಕಡೆ ನನಗೆ ಮೊದಲಿನಿಂದಲೂ ಗಮನ ಇತ್ತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಕಂಬಿಗಳಾದ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಗಾಡಿಯನ್ನು ಕಂಪನಿ ಕೊಟ್ಟ ರೂಪದಿಂದ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಟ್ಟುನಿಟ್ಟು. ಹಾಗಾಗಿ ಬಂಪರಿನ ಮುಂದೆ ಕಬ್ಬಿಣದ ಕೊಂಬು ಯಾವುದೂ ಬೇಡ ಅಂದೆ, ವಿಂಚನ್ನು ಬಿಚ್ಚಿ ಇಡುವ ಹಾಗೇ ಮಾಡಿಸಿದೆ. ಮಳೆಗಾಲ ಮುಗಿದ ಮೇಲೆ ಅದು ಗೋಡೌನಿನಲ್ಲಿ ಇರುತ್ತದೆ. ನಮ್ಮ ಜೀಪಿಗೆ ಏರ್‌ಬ್ಯಾಗ್ ಇಲ್ಲ. ಏರ್‌ಬ್ಯಾಗ್ ಇರುವ ಹೊಸ ಗಾಡಿಯವರು ಮುಂದುಗಡೆ ಏನೇ ಹಾಕಿಸುವ ಮೊದಲು ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಕೇಳಿಯೇ ಮುಂದುವರಿಯಿರಿ, ದಯವಿಟ್ಟು.

ನಾಲ್ಕು ಗಂಟೆಗೆ ಹಗ್ಗ ಸುತ್ತುವ ಕೆಲಸ. ಹೊಸ ಹಗ್ಗವನ್ನು ಭಾರ ಇಲ್ಲದೆ ಸುತ್ತಿದರೆ ಸುತ್ತುಗಳು ಸಡಿಲವಾಗಿರುತ್ತವೆ, ಆಮೇಲೆ ಜೋರಾಗಿ ಎಳೆದಾಗ ಮೇಲಿನ ಸುತ್ತು ಕೆಳಗಿನದರ ಸಂದಿಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಕಣದ ಪಕ್ಕದ ಏರಿನ ಕೆಳಗೆ ಜೀಪು ನಿಲ್ಲಿಸಿದೆವು. ಹಗ್ಗ ಕಟ್ಟುವುದಕ್ಕೆ ಸಿಲ್ವರ್ ಮರ ಹತ್ತಿರವಿತ್ತು, ಆದರೆ ಗಾಳಿಗೇ ಮುರಿಯುವ ಮರ ಅದು, ಮೇಲೆ ಮೆಣಸಿನ ಬಳ್ಳಿ ಬೇರೆ. ನಾನು ಆರಿಸಿದ್ದು ಮೇಲಿನ ದೊಡ್ಡ ಹಲಸಿನ ಮರ. ಬುಡದಲ್ಲಿ ಅಗಲ ಪಟ್ಟಿ ಸುತ್ತಿ, ಶ್ಯಾಕಲ್ (ಪಿನ್ ಹಾಕುವ ಉಕ್ಕಿನ ಬಳೆ) ಹಾಕಿ, ಹಗ್ಗದ ಕೊಕ್ಕೆ ಅದಕ್ಕೆ. ಹಗ್ಗವನ್ನೇ ಮರಕ್ಕೆ ಸುತ್ತಿದರೆ ಮರದ ಸಿಪ್ಪೆಯೂ ಹೋಗುತ್ತದೆ, ಹಗ್ಗವೂ ಹಾಳು. ಡ್ರಮ್ಮಿನ ಮೇಲೆ ಹತ್ತು ಸುತ್ತು ಬಿಟ್ಟೇ ಹಗ್ಗ ಬಿಚ್ಚಿದ್ದು. ತುದಿಯನ್ನು ಡ್ರಮ್ಮಿಗೆ ಕಟ್ಟಿರುವ ಸ್ಕ್ರೂ ಭಾರ ಹೊರುವುದಕ್ಕಲ್ಲ, ಸುತ್ತುಗಳ ಹಿಡಿತವೇ ಹೊರುವುದು.

ಹಗ್ಗದ ಮಧ್ಯಕ್ಕೆ ಒದ್ದೆ ಗೋಣಿಚೀಲ ಎರಡು ಮಡಚಿ ಹಾಕಿದೆ. ಕಾಫಿ ತುಂಬುವ ಅದೇ ಚೀಲ. ಹಗ್ಗ ತುಂಡಾದರೆ ಆ ಭಾರ ಅದನ್ನು ನೆಲಕ್ಕೆ ಇಳಿಸುತ್ತದೆ. ಎಲ್ಲರನ್ನೂ ಹಗ್ಗದ ಉದ್ದಕ್ಕಿಂತ ದೂರ ಕಳಿಸಿದೆ, ದಾಟುವುದಂತೂ ಯಾರೂ ಬೇಡ ಅಂತ ಎರಡೆರಡು ಸಲ ಹೇಳಿದೆ. ರೈಟರು ಸ್ಟೀರಿಂಗ್ ಹಿಡಿದು, ಗೇರ್ ನ್ಯೂಟ್ರಲ್, ಇಂಜಿನ್ ಚಾಲು, ಬ್ರೇಕ್ ಮೇಲೆ ಕಾಲು ಸ್ವಲ್ಪವೇ. ನಾನು ರಿಮೋಟಿನ ವೈರು ಎಳೆದುಕೊಂಡು ಪಕ್ಕಕ್ಕೆ ನಿಂತೆ.

ಅಷ್ಟೊತ್ತಿಗೆ ಅಪ್ಪ ಕೋಲು ಊರಿಕೊಂಡು ಬಂದರು. ಅವರ ಕಾಲದಲ್ಲಿ ಮರಕ್ಕೆ ಚೈನ್ ಬ್ಲಾಕ್ ಕಟ್ಟಿ, ಅರ್ಧ ದಿನ ಸರಪಳಿ ಎಳೆದು ಲಾರಿ ಮೇಲೆತ್ತಿದ್ದನ್ನು ನಮಗೆ ಎಷ್ಟೋ ಸಲ ಹೇಳಿದ್ದಾರೆ.

"ಎಲ್ಲಿಗೆ ಕಟ್ಟಿದೀಯ ಮಗಾ, ಚಾಸಿಗೆ ತಾನೇ?"

"ಚಾಸಿಗೇ ಅಪ್ಪ. ಬನ್ನಿ, ನೋಡಿ."

ಅವರು ಬಗ್ಗಿ ನೋಡಿದರು. ಒಂದೊಂದೇ ಬೋಲ್ಟನ್ನು ಕೋಲಿನ ತುದಿಯಲ್ಲಿ ಮುಟ್ಟಿ ಎಣಿಸಿದರು. ಆಮೇಲೆ ಕೈ ಚಾಚಿದರು, ನಾನು ರಿಮೋಟ್ ಕೊಟ್ಟೆ, ಇಬ್ಬರೂ ಹಗ್ಗದಿಂದ ಇನ್ನೂ ಹಿಂದೆ ಸರಿದು ನಿಂತೆವು. ಗುಂಡಿ ಒತ್ತಿದರು. ಮೋಟಾರ್ ಗುಂಯ್ ಅಂದಿತು, ಹಗ್ಗ ಬಿಗಿಯಾಯಿತು, ಗೋಣಿಚೀಲ ಒಂದಡಿ ಮೇಲೆದ್ದು ನೀರು ಸುರಿಸಿತು, ಜೀಪು ನಿಧಾನವಾಗಿ, ತುಂಬಾ ನಿಧಾನವಾಗಿ ಏರು ಹತ್ತಿತು. ಐದಾರು ಮೀಟರಿಗೆ ಒಂದು ಸಲ ನಿಲ್ಲಿಸಿ ಸುತ್ತು ಪಕ್ಕಪಕ್ಕ ಕೂತಿದೆಯಾ ನೋಡಿದೆ, ಮೋಟಾರ್ ಮುಟ್ಟಿ ನೋಡಿದೆ. ಕೊನೆಯಲ್ಲಿ ಕೈ ಇಡಲಾಗದಷ್ಟು ಬಿಸಿಯಾಗಿತ್ತು, ಹತ್ತು ನಿಮಿಷ ಆರಲು ಬಿಟ್ಟೆವು. ಆಮೇಲೆ ಬೋಲ್ಟುಗಳಿಗೆಲ್ಲ ಮತ್ತೊಮ್ಮೆ ಪಾನಾ ಹಾಕಿದೆ, ಒಂದು ಮಾತ್ರ ಕಾಲು ಸುತ್ತು ತಿರುಗಿತು.

ಉಳಿದಿರುವುದು ಇಷ್ಟು. ಮುಂದಿನ ಭಾರಕ್ಕೆ ಜೀಪಿನ ಮೂತಿ ಎರಡು ಸೆಂಟಿಮೀಟರ್ ಇಳಿದಿದೆ, ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಸ್ವಲ್ಪ ಬಿಗಿಸಬೇಕು, ಬುಧವಾರ ಹಾಸನಕ್ಕೆ ಹೋಗಿ ವೀಲ್ ಅಲೈನ್‌ಮೆಂಟ್. ಬ್ಯಾಟರಿ ನಾಲ್ಕು ವರ್ಷದ್ದು, ಅದೂ ಬದಲಾಗಬೇಕು. ಒಂದು ಸ್ನ್ಯಾಚ್ ಬ್ಲಾಕ್, ಅಂದರೆ ಮರಕ್ಕೆ ಕಟ್ಟುವ ರಾಟೆ, ತರಿಸಬೇಕು. ಹಗ್ಗ ಅದರಲ್ಲಿ ಹೋಗಿ ಜೀಪಿಗೇ ವಾಪಸ್ ಬಂದರೆ ವೇಗ ಅರ್ಧ, ಎಳೆತ ಹತ್ತಿರ ಹತ್ತಿರ ಎರಡು ಪಟ್ಟು, ಕೊಲ್ಲಿಯ ಕೆಸರಿಗೆ ಅದು ಬೇಕೇ ಬೇಕು.

ಈಗ ಹೊರಗೆ ಹನಿ ಶುರುವಾಗಿದೆ. ಅಪ್ಪ ಊಟ ಮುಗಿಸಿ, ಆ ಎರಡು ಗೋಣಿಚೀಲ ಜೀಪಿನಲ್ಲೇ ಇರಲಿ, ಯಾರೂ ಕಣಕ್ಕೆ ತೆಗೆದುಕೊಂಡು ಹೋಗಬಾರದು ಅಂತ ರೈಟರಿಗೆ ಫೋನ್ ಮಾಡಿ ಹೇಳುತ್ತಿದ್ದಾರೆ.