ಸೀಗೆಕಾಯಿ ನಮ್ಮ ಅಡವಿಯದು, ಪಾವತಿಯಲ್ಲಿ ಊರ ಹೆಸರೇ ಇಲ್ಲ

ಅಡವಿ ಉತ್ಪನ್ನ ಬಳಸುವ ಕಂಪನಿ ಜೀವವೈವಿಧ್ಯ ಕಾಯ್ದೆಯಂತೆ ಕಟ್ಟುವ ಲಾಭದ ಪಾಲು ಹಳ್ಳಿಗೆ ಬರುವುದಿಲ್ಲ ಎಂದರೆ ಎಲ್ಲರೂ ಕಾನೂನನ್ನೇ ಬೈಯುತ್ತಾರೆ. ಕಾನೂನಿನಲ್ಲಿ ದಾರಿ ಇದೆ. ಭಾರತದ ಕಂಪನಿಗಳೂ ಪಾಲು ಕೊಡಲೇಬೇಕು ಎಂದು ಆಯುರ್ವೇದ ಔಷಧಿ ತಯಾರಿಸುವ ದಿವ್ಯ ಫಾರ್ಮಸಿಯ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರಲ್ಲೇ ಹೇಳಿಯಾಗಿದೆ. ಹಣದ ದಾರಿ ತಪ್ಪುವುದು ಮೊದಲ ತೂಕದ ಹೊತ್ತಿನಲ್ಲಿ.

ಕಲಘಟಗಿ ಕಡೆಯ ಸೀಗೆಕಾಯಿಯನ್ನೇ ತೆಗೆದುಕೊಳ್ಳಿ. ಏಜೆಂಟ್ ಕೊಡುವ ಚೀಟಿಯಲ್ಲಿ ತೂಕ, ದರ ಎರಡೇ ಇದ್ದರೆ, ಹುಬ್ಬಳ್ಳಿಯ ಗೋದಾಮಿನಲ್ಲಿ ನಾಲ್ಕಾರು ಊರಿನ ಚೀಲ ಬೆರೆತ ಮೇಲೆ ಅದು ಯಾವ ಊರಿನದೆಂದು ಹೇಳುವವರಿಲ್ಲ. ಮೂಲ ಗೊತ್ತಿದ್ದರೆ ಪಾಲು ಆ ಊರಿಗೆ, ಗೊತ್ತಿಲ್ಲದಿದ್ದರೆ ಮೇಲಿನ ಹಂತದ ಸಾಮಾನ್ಯ ನಿಧಿಗೆ. ಆದ್ದರಿಂದ ಚೀಟಿಯಲ್ಲಿ ಗ್ರಾಮ, ಪಂಚಾಯ್ತಿ, ಸಂಗ್ರಹಿಸಿದ ಜಾಗ, ತಿಂಗಳು, ಒಣಗಿದ್ದೋ ಹಸಿಯೋ, ಕೊಂಡವರ ಸಹಿ ಎಲ್ಲವೂ ಬೇಕು. ಎರಡು ಪ್ರತಿ ಮಾಡಿ ಒಂದನ್ನು ಪಂಚಾಯ್ತಿಯಲ್ಲಿ ಇಡಬೇಕು.

ಆಸೆ ಮಾತ್ರ ಅಳತೆಯಲ್ಲಿರಲಿ. 2025ರ ನಿಯಮದ ಪ್ರಕಾರ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟದ ಕಂಪನಿ ಏನೂ ಕೊಡಬೇಕಿಲ್ಲ. 50 ಕೋಟಿವರೆಗೆ ಶೇ. 0.2, 250 ಕೋಟಿವರೆಗೆ ಶೇ. 0.4, ಅದರಾಚೆ ಶೇ. 0.6. ಈ ದರ ಬೀಳುವುದು ಆ ಉತ್ಪನ್ನದ ಕಾರ್ಖಾನೆ ಬೆಲೆಯ ಮಾರಾಟದ ಮೇಲೆ, ತೆರಿಗೆ ಬಿಟ್ಟು. 60 ಕೋಟಿ ವಹಿವಾಟಿನ ಕಂಪನಿ 2 ಕೋಟಿಯ ಸೀಗೆ ಶಾಂಪೂ ಮಾರಿತೆನ್ನಿ: ಪಾಲು 80,000 ರೂಪಾಯಿ. ಜೀವವೈವಿಧ್ಯ ಪ್ರಾಧಿಕಾರ ಶೇ. 10ರಿಂದ 15 ಇಟ್ಟುಕೊಂಡರೆ ಉಳಿಯುವುದು 68ರಿಂದ 72 ಸಾವಿರ, ಅದೂ ಶಾಂಪೂವಿನಲ್ಲಿರುವ ಎಲ್ಲ ಗಿಡ, ಎಲ್ಲ ಊರುಗಳಿಗೆ ಸೇರಿ. ನನ್ನನ್ನು ಕೇಳಿದರೆ ಇದಕ್ಕಿಂತ ಕೈಗೆಟಕುವುದು ಸಂಗ್ರಹ ಶುಲ್ಕ. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕೆಂದು ಸಂಗ್ರಹಿಸುವವರಿಂದ ಅದನ್ನು ವಸೂಲಿ ಮಾಡುವ ಅಧಿಕಾರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಲ್ಲಿ ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೇ ಇದೆ. ಠರಾವು ಪಾಸು ಮಾಡಿ, ದರ ಬರೆದು, ಸಮಿತಿಯದೇ ಬ್ಯಾಂಕ್ ಖಾತೆ ತೆರೆಯಬೇಕು.

ಆ ಸಮಿತಿ ಬೋರ್ಡಿನ ಮೇಲಷ್ಟೇ ಇದ್ದರೆ ಕಷ್ಟ. ಏಳರಿಂದ ಹನ್ನೊಂದು ಸದಸ್ಯರು, ಮೂರನೇ ಒಂದು ಭಾಗ ಹೆಣ್ಣುಮಕ್ಕಳು ಇರಬೇಕು. ಅಡವಿಗೆ ಹೋಗಿ ಆರಿಸಿ ತರುವವರು ಬಹುಪಾಲು ಅವರೇ, ಆದರೂ ಸಭೆಯಲ್ಲಿ ಸಹಿ ಗಂಡಂದಿರದು. ಊರಿನ ಗಿಡ, ಪ್ರಾಣಿ, ಅವುಗಳ ಬಳಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಹಸಿರು ನ್ಯಾಯಮಂಡಳಿ ಕೊಟ್ಟ 2020ರ ಜನವರಿ ಗಡುವಿಗೆ ಗಡಿಬಿಡಿಯಲ್ಲಿ ಮುಗಿಸಿದ್ದರೆ ಮತ್ತೊಮ್ಮೆ ತೆರೆದು ನೋಡಿ: ಊರಿನಲ್ಲಿ ಕರೆಯುವ ಹೆಸರು, ಸಿಗುವ ಜಾಗ, ಹಂಗಾಮು ಇರಲೇಬೇಕು. ಔಷಧಿಯ ಪ್ರಮಾಣ, ಮಾಡುವ ರೀತಿ ಮಾತ್ರ ಎಲ್ಲರೂ ಓದುವ ಪುಟದಲ್ಲಿ ಬೇಡ.

ಇನ್ನೊಂದು ತೂತು ಜೀವವೈವಿಧ್ಯ ಕಾಯ್ದೆಯ 2023ರ ತಿದ್ದುಪಡಿಯಲ್ಲಿದೆ. ಹೊಲದಲ್ಲಿ ಬೆಳೆದ ಔಷಧಿ ಗಿಡಕ್ಕೆ ಪಾಲು ಕೊಡಬೇಕಿಲ್ಲ, ಸಮಿತಿ ಮೂಲದ ಪ್ರಮಾಣಪತ್ರ ಕೊಟ್ಟರಾಯಿತು. ಅಡವಿಯ ಮಾಲು ಹೊಲದ್ದಾಗುವುದು ಇಲ್ಲೇ. ಸಹಿ ಹಾಕುವ ಮುಂಚೆ ಉತಾರದ (ಪಹಣಿಯ) ಬೆಳೆ ಕಾಲಂ ನೋಡಬೇಕು, ಅರ್ಧ ಎಕರೆಯಲ್ಲಿ ಅಷ್ಟು ಕ್ವಿಂಟಲ್ ಬರುತ್ತದೆಯೇ ಎಂದು ಕೇಳಬೇಕು.

ಗದಗ ಜಿಲ್ಲೆಯ ಕಪ್ಪತಗುಡ್ಡದ ಲೆಕ್ಕ ಬೇರೆ. ಸುಮಾರು 244 ಚದರ ಕಿ.ಮೀ. ಅಡವಿ 2019ರಲ್ಲಿ ವನ್ಯಜೀವಿಧಾಮವಾಯಿತು. ವನ್ಯಜೀವಿ ಕಾಯ್ದೆಯ 29ನೇ ಕಲಮು ಅಲ್ಲಿಂದ ತೆಗೆದ ಉತ್ಪನ್ನವನ್ನು ಸುತ್ತಲಿನ ಜನರ ಮನೆಬಳಕೆಗೆ ಬಿಡುತ್ತದೆ, ವ್ಯಾಪಾರಕ್ಕೆ ಬಿಡುವುದಿಲ್ಲ. ಅರಣ್ಯ ಹಕ್ಕು ಕಾಯ್ದೆ ಮಾತ್ರ ಜೇನು, ಗಡ್ಡೆ, ಔಷಧಿ ಗಿಡಗಳ ಒಡೆತನವನ್ನೂ ಮಾರುವ ಹಕ್ಕನ್ನೂ ಕೊಡುತ್ತದೆ, ವನ್ಯಜೀವಿಧಾಮದಲ್ಲೂ. ಆದರೆ ಹಕ್ಕುಪತ್ರ ಕೈಯಲ್ಲಿಲ್ಲದೆ ಈ ವಾದವನ್ನು ಚೆಕ್‌ಪೋಸ್ಟಿನಲ್ಲಿ ಗೆಲ್ಲಲಾಗದು. ಸಮುದಾಯ ಹಕ್ಕಿಗೆ ‘ಬಿ’ ನಮೂನೆ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ, ಅಂದರೆ ಊರಿನ ಅಡವಿಯನ್ನು ಊರೇ ಕಾಯುವ, ನಿರ್ವಹಿಸುವ ಹಕ್ಕಿಗೆ, ‘ಸಿ’ ನಮೂನೆ.

ಅರಣ್ಯ ಹಕ್ಕು ಪಡೆಯಲು ಎಲ್ಲರ ಹಾದಿ ಒಂದೇ ಅಲ್ಲ. ಧಾರವಾಡ ಜಿಲ್ಲೆಯ ಸಿದ್ದಿಗಳು 2020ರಿಂದ ಪರಿಶಿಷ್ಟ ಪಂಗಡ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ನೆಲೆ ತೋರಿಸಿದರೆ ಸಾಕು. ನಮ್ಮಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ಹಾಗಾಗಿ ತಾಂಡಾದವರು ಅದೇ ದಿನಾಂಕಕ್ಕೆ ಮೊದಲಿನ 75 ವರ್ಷದ ವಾಸ ತೋರಿಸಬೇಕು. ತೋರಿಸಬೇಕಾದ್ದು ಆ ಪ್ರದೇಶದ ವಾಸ, ಒಂದೇ ತುಂಡಿನ ಸಾಗುವಳಿಯಲ್ಲ. 1930ರ ಕಾಗದ ಇಲ್ಲವೆಂದು ಅರ್ಜಿ ತಳ್ಳಿಹಾಕುವಂತಿಲ್ಲ: ಹಳೇ ಬಾವಿ, ಸ್ಮಶಾನ, ದೇವರ ಕಟ್ಟೆ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ಇವೂ ಸಾಕ್ಷ್ಯವೇ, ಒಂದಕ್ಕಿಂತ ಹೆಚ್ಚು ಲಗತ್ತಿಸಿ. ಗ್ರಾಮಸಭೆ ನಿರಾಕರಿಸಿದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅಲ್ಲೂ ಆಗದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋಗಬಹುದು. ಆದೇಶವನ್ನು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ, ಕಾರಣ ಬರೆದ ಪ್ರತಿಯನ್ನೇ ಕೇಳಿ.